ರಕ್ಷಿತರೋ ಪ್ರಜೆಗಳೋ? ಜರ್ಮನಿಯ ಯೆಹೂದ್ಯರ ಕೇಂದ್ರ ಸಂಘ (೧೮೯೩–೧೯೩೮)

೧

ತಲೆಮಾರುಗಳಿಂದ ನೆಲಸಿರುವ ನಾಡಿನಲ್ಲಿಯೇ ‘ನೀವು ಈ ನಾಡಿನವರೇನು?’ ಎಂಬ ಪ್ರಶ್ನೆಗೆ ಗುರಿಯಾದ ಜನ ಏನೆಂದು ಉತ್ತರಿಸಬೇಕು? ಆ ಉತ್ತರವನ್ನು ಯಾರ ಮುಂದೆ ಇಡಬೇಕು? ಅರಸನ ಮುಂದೆಯೋ, ನ್ಯಾಯಸ್ಥಾನದ ಮುಂದೆಯೋ, ನೆರೆಹೊರೆಯ ಸಾಮಾನ್ಯ ಜನರ ಮುಂದೆಯೋ? ಆಧುನಿಕ ಯೂರೋಪಿನ ಇತಿಹಾಸದಲ್ಲಿ ಈ ಪ್ರಶ್ನೆಗಳನ್ನು ನಾಲ್ಕೂವರೆ ದಶಕಗಳ ಕಾಲ ವ್ಯವಸ್ಥಿತವಾಗಿ ಎದುರಿಸಿದ ಸಂಸ್ಥೆಯೊಂದಿದೆ. ಬರ್ಲಿನ್ ನಗರದಲ್ಲಿ ೧೮೯೩ರಲ್ಲಿ ಹುಟ್ಟಿ ೧೯೩೮ರಲ್ಲಿ ಅಳಿಸಿಹೋದ ಆ ಸಂಸ್ಥೆಯ ಹೆಸರನ್ನು ಕನ್ನಡದಲ್ಲಿ ‘ಯೆಹೂದ್ಯಮತದ ಜರ್ಮನ್ ಪ್ರಜೆಗಳ ಕೇಂದ್ರ ಸಂಘ’ ಎನ್ನಬಹುದು. ಹೆಸರು ಉದ್ದವಾದುದಾದರೂ ಅದರಲ್ಲಿ ವ್ಯರ್ಥಪದವೊಂದೂ ಇಲ್ಲ. ಮೊದಲು ಪ್ರಜೆ, ಆ ಪ್ರಜೆಯ ರಾಷ್ಟ್ರ ಜರ್ಮನಿ, ಅವನ ಮತ ಯೆಹೂದ್ಯ: ಸಂಘದ ವಾದವೆಲ್ಲವೂ ಈ ಹೆಸರಿನಲ್ಲಿಯೇ ಅಡಗಿದೆ. ಆ ಹೆಸರಿನಿಂದ ಒಂದೊಂದು ಪದವಾಗಿ ಕಿತ್ತುಹೋದ ಬಗೆಯೇ ಸಂಘದ ಅಂತ್ಯದ ಕಥೆಯೂ ಹೌದು. ಈ ಸಂಘದ ನಿಲುವು, ಹೋರಾಟದ ವಿಧಾನ ಮತ್ತು ಫಲಾಫಲಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಹದಿನೆಂಟನೆಯ ಶತಮಾನದ ಜರ್ಮನ್ ರಾಜ್ಯಗಳಲ್ಲಿ ಯೆಹೂದ್ಯನಿಗೆ ಹಕ್ಕೆಂಬುದಿರಲಿಲ್ಲ. ಇದ್ದುದು ಅನುಮತಿ ಮಾತ್ರ. ದೊರೆಗೆ ಹಣ ತೆತ್ತು ರಕ್ಷಣಾಪತ್ರವನ್ನು ಪಡೆದವನು ‘ರಕ್ಷಿತ ಯೆಹೂದ್ಯ’ ಎನಿಸಿಕೊಳ್ಳುತ್ತಿದ್ದನು. ಯೂರೋಪಿಗೆಲ್ಲ ಹೆಸರಾದ ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್ನನಿಗೆ ಸಹ ಬರ್ಲಿನ್ನಿನಲ್ಲಿ ನೆಲಸುವ ಸವಲತ್ತು ದೊರೆತದ್ದು ೧೭೬೩ರಲ್ಲಿ. ಅದೂ ಅವನ ಜೀವಿತಾವಧಿಗೆ ಮಾತ್ರ, ಮಕ್ಕಳಿಗೆ ಇಳಿದುಬರುವಂತಹುದಲ್ಲ. ೧೮೧೨ರ ಮಾರ್ಚ್ ೧೧ರಂದು ಹೊರಟ ಪ್ರಷ್ಯದ ರಾಜಶಾಸನವು ಅಲ್ಲಿನ ಯೆಹೂದ್ಯರನ್ನು ಸ್ವದೇಶೀಯರೆಂದೂ ರಾಜ್ಯದ ಪ್ರಜೆಗಳೆಂದೂ ಸಾರಿತು. ಆದರೆ ನೆಪೋಲಿಯನ್ನನ ಪತನಾನಂತರ ಕೊಟ್ಟುದರಲ್ಲಿ ಬಹುಪಾಲು ಹಿಂದಕ್ಕೆ ಹೋಯಿತು; ಸರ್ಕಾರದ ಹುದ್ದೆಗಳ ಬಾಗಿಲು ಮತ್ತೆ ಮುಚ್ಚಿತು.

ಮುಂದಿನ ಪೀಳಿಗೆಯ ಧ್ವನಿ ಹ್ಯಾಂಬರ್ಗಿನ ಗೇಬ್ರಿಯಲ್ ರೀಸರನದು (೧೮೦೬–೧೮೬೩). ನ್ಯಾಯಶಾಸ್ತ್ರದಲ್ಲಿ ಪಾರಂಗತನಾದರೂ ಮತದ ಕಾರಣದಿಂದ ಅವನಿಗೆ ವಕೀಲಿ ನಡೆಸಲು ಅವಕಾಶವಾಗಲಿಲ್ಲ. ಮತಾಂತರಗೊಂಡಿದ್ದರೆ ಬಾಗಿಲು ತೆರೆಯುತ್ತಿತ್ತು. ಅನೇಕರು ಆ ಹಾದಿಯನ್ನು ಹಿಡಿದರು. ರೀಸರನು ಒಪ್ಪಲಿಲ್ಲ. ೧೮೩೨ರಲ್ಲಿ ಅವನು ಪತ್ರಿಕೆಯೊಂದನ್ನು ಹೊರಡಿಸಿ ಅದಕ್ಕೆ ‘ಯೆಹೂದ್ಯ’ ಎಂದೇ ಹೆಸರಿಟ್ಟನು. ಬೈಗುಳದಂತೆ ಬಳಕೆಯಲ್ಲಿದ್ದ ಪದವನ್ನು ಶಿರೋನಾಮೆಯಾಗಿ ಧರಿಸಿದ ಆ ಧೈರ್ಯವೇ ಒಂದು ವಾದವಾಗಿತ್ತು. ೧೮೪೮ರ ಫ್ರಾಂಕ್‌ಫರ್ಟ್ ಶಾಸನಸಭೆಯಲ್ಲಿ ಅವನು ಉಪಾಧ್ಯಕ್ಷ ಪದವಿಗೇರಿದನು; ೧೮೬೦ರಲ್ಲಿ ಜರ್ಮನಿಯ ಮೊದಲ ಯೆಹೂದ್ಯ ನ್ಯಾಯಾಧೀಶನಾದನು. ೧೮೬೯ರ ಜುಲೈ ೩ರ ಉತ್ತರ ಜರ್ಮನ್ ಒಕ್ಕೂಟದ ಕಾನೂನು ಮತಭೇದದಿಂದ ಬಂದ ನಿರ್ಬಂಧಗಳನ್ನೆಲ್ಲ ತೊಡೆದುಹಾಕಿತು. ೧೮೭೧ರಲ್ಲಿ ಸಾಮ್ರಾಜ್ಯ ಸ್ಥಾಪನೆಯಾದಾಗ ಅದು ಇಡೀ ಜರ್ಮನಿಗೆ ಅನ್ವಯಿಸಿತು. ಕಾಗದದ ಮೇಲೆ ಪ್ರಶ್ನೆ ಇತ್ಯರ್ಥವಾದಂತಾಯಿತು.

ಇತ್ಯರ್ಥವಾದ ಪ್ರಶ್ನೆಯನ್ನು ಮತ್ತೆ ಎತ್ತಿದವರು ಬೀದಿಯ ಪುಂಡರಷ್ಟೇ ಅಲ್ಲ. ೧೮೭೩ರ ಆರ್ಥಿಕ ಕುಸಿತದ ತರುವಾಯ ದೋಷ ಹೊರಿಸಲು ಒಬ್ಬರು ಬೇಕಾಗಿದ್ದರು. ರಾಜಾಸ್ಥಾನದ ಧರ್ಮಬೋಧಕ ಅಡಾಲ್ಫ್ ಶ್ಟೋಕರ್ ಸಭೆಗಳಲ್ಲಿ ಯೆಹೂದ್ಯದ್ವೇಷವನ್ನು ಬೋಧಿಸಿದನು. ೧೮೭೯ರಲ್ಲಿ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತನು ‘ಸೆಮೆಟಿಕ್ ವಿರೋಧ’ ಎಂಬ ಹೊಸ ಹೆಸರನ್ನು ಪ್ರಚಾರಕ್ಕೆ ತಂದನು. ಹೆಸರಿನೊಂದಿಗೆ ತರ್ಕವೂ ಹೊಸದಾಯಿತು: ಹಳೆಯ ದ್ವೇಷವು ಮತವನ್ನು ಹಳಿಯುತ್ತಿದ್ದರೆ ಹೊಸದು ರಕ್ತವನ್ನೇ ಹಳಿಯಿತು. ಮತವನ್ನು ಬದಲಿಸಬಹುದು, ರಕ್ತವನ್ನು ಬದಲಿಸುವುದೆಂತು? ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಖ್ಯಾತ ಇತಿಹಾಸಕಾರ ಹೈನ್ರಿಖ್ ಫಾನ್ ಟ್ರೈಟ್ಷ್ಕೆ, ಯೆಹೂದ್ಯರೇ ನಮ್ಮ ದುರದೃಷ್ಟ ಎಂಬ ಮಾತನ್ನು ಜನರ ಬಾಯಿಂದ ಎತ್ತಿ ವಿದ್ವತ್ಪತ್ರಿಕೆಯೊಂದರ ಪುಟಕ್ಕೆ ತಂದನು. ಅದುವರೆಗೆ ಸಭ್ಯರು ಆಡಲು ಹಿಂಜರಿಯುತ್ತಿದ್ದ ಮಾತಿಗೆ ಪ್ರಾಧ್ಯಾಪಕ ಪೀಠದ ಗೌರವ ದೊರೆಯಿತು. ಸಹೋದ್ಯೋಗಿ ಥಿಯೋಡೋರ್ ಮಾಮ್ಸೆನ್ ಅವನನ್ನು ಬಹಿರಂಗವಾಗಿ ಖಂಡಿಸಿದನು. ಮೊರಿಟ್ಸ್ ಲಾಜರಸ್ ಎಂಬ ಯೆಹೂದ್ಯ ವಿದ್ವಾಂಸನು ‘ರಾಷ್ಟ್ರೀಯವೆಂದರೇನು?’ ಎಂಬ ಉಪನ್ಯಾಸದಲ್ಲಿ, ರಾಷ್ಟ್ರವು ರಕ್ತದಿಂದ ಆಗುವಂತಹುದಲ್ಲ, ತಾವು ಒಂದೇ ಜನವೆಂದು ಬಗೆಯುವವರ ಚಿತ್ತದಲ್ಲಿ ಅದರ ನೆಲೆಯಿದೆ ಎಂದು ಪ್ರತಿಪಾದಿಸಿದನು. ಆದರೆ ಯೆಹೂದ್ಯರ ಹಕ್ಕುಗಳನ್ನು ಮೊಟಕುಗೊಳಿಸಬೇಕೆಂದು ೧೮೮೦–೮೧ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಮನವಿಗೆ ಸುಮಾರು ಎರಡೂವರೆ ಲಕ್ಷ ಜನ ರುಜು ಹಾಕಿದರು.

೩

೧೮೯೨ರ ಡಿಸೆಂಬರಿನಲ್ಲಿ ಪರಿಸ್ಥಿತಿ ಮತ್ತೊಂದು ಮೆಟ್ಟಿಲು ಇಳಿಯಿತು. ಆಳುವ ವರ್ಗಕ್ಕೆ ಸಮೀಪವಾಗಿದ್ದ ಕನ್ಸರ್ವೇಟಿವ್ ಪಕ್ಷವು ಬರ್ಲಿನ್ನಿನ ಟಿವೋಲಿ ಸಭಾಂಗಣದಲ್ಲಿ ಸೇರಿ ಯೆಹೂದ್ಯ ಪ್ರಭಾವವನ್ನು ಎದುರಿಸುವುದನ್ನು ತನ್ನ ಕಾರ್ಯಕ್ರಮದಲ್ಲಿಯೇ ಸೇರಿಸಿತು. ಗಾಬರಿಗೊಂಡ ಕೆಲವು ಯೆಹೂದ್ಯ ಮುಖಂಡರು, ಚಕ್ರವರ್ತಿಯ ಬಳಿಗೆ ಹೋಗಿ ರಕ್ಷಣೆ ಬೇಡಬೇಕೆಂದು ಆಲೋಚಿಸಿದರು. ಇದಕ್ಕೆ ಪ್ರತಿಭಟನೆಯಾಗಿ ೧೮೯೩ರ ಆದಿಯಲ್ಲಿ ಲೇಖಕನ ಹೆಸರಿಲ್ಲದ ಕಿರುಹೊತ್ತಗೆಯೊಂದು ಹೊರಬಂದಿತು. ಅದರ ಶಿರೋನಾಮೆಯೇ ಒಂದು ಸವಾಲು: ‘ರಕ್ಷಿತ ಯೆಹೂದ್ಯರೋ, ರಾಜ್ಯದ ಪ್ರಜೆಗಳೋ?’ ಬರೆದವನು ರಫಾಯೆಲ್ ಲೋವೆನ್‌ಫೆಲ್ಡ್. ಟಾಲ್‌ಸ್ಟಾಯ್‌ನ ಕೃತಿಗಳನ್ನು ಜರ್ಮನ್ ಭಾಷೆಗೆ ತಂದವನು, ಮುಂದೆ ಬರ್ಲಿನ್ನಿನ ಷಿಲ್ಲರ್ ರಂಗಮಂದಿರವನ್ನು ಸ್ಥಾಪಿಸಿದವನು.

ಲೋವೆನ್‌ಫೆಲ್ಡನ ವಾದ ಸರಳವಾಗಿತ್ತು. ಅರಸನ ಕೃಪೆಯನ್ನು ಬೇಡುವವನು ತಾನು ಕೃಪಾಶ್ರಿತನೆಂದು ಒಪ್ಪಿಕೊಂಡಂತೆ. ನೂರು ವರ್ಷಗಳ ಹಿಂದಿನ ರಕ್ಷಣಾಪತ್ರಕ್ಕೆ ಮತ್ತೆ ಅರ್ಜಿ ಹಾಕಿದಂತೆ. ಪ್ರಜೆಗೆ ಬೇಕಾದುದು ಎಲ್ಲ ಪ್ರಜೆಗಳಿಗೂ ಇರುವ ಸಂವಿಧಾನದ ಹಕ್ಕು. ಅದಕ್ಕಿಂತ ಹೆಚ್ಚಿನದೂ ಬೇಡ, ಕಡಿಮೆಯಾದುದೂ ಸಲ್ಲದು. ಈ ಹೊತ್ತಗೆಯು ಮಧ್ಯಮವರ್ಗದ ಯೆಹೂದ್ಯರ ಮನಸ್ಸಿನಲ್ಲಿದ್ದ ಮಾತನ್ನೇ ಆಡಿತು. ೧೮೯೩ರ ಮಾರ್ಚ್ ೨೬ರಂದು ಕೇಂದ್ರ ಸಂಘವು ಸ್ಥಾಪಿತವಾಯಿತು. ವಕೀಲ ಮ್ಯಾಕ್ಸಿಮಿಲಿಯನ್ ಹಾರ್ವಿಟ್ಸ್ ಅಧ್ಯಕ್ಷನಾದನು. ಸಂಘದ ಚಿಂತಕನೂ ಕಾನೂನು ಹೋರಾಟದ ಸೂತ್ರಧಾರನೂ ಆದವನು ಓಯ್ಗೆನ್ ಫುಕ್ಸ್ (೧೮೫೬–೧೯೨೩). ಮತಸಂಬಂಧವಾದ ಹಾಗೂ ರಾಜಕೀಯವಾದ ಭೇದಗಳನ್ನೆಣಿಸದೆ ಯೆಹೂದ್ಯಮತದ ಜರ್ಮನ್ ಪ್ರಜೆಗಳನ್ನು ಕೂಡಿಸುವುದು, ಅವರ ಸಮಾನತೆಯನ್ನು ಕಾಪಾಡುವುದು, ಜರ್ಮನ್ ಮನೋಭಾವವನ್ನು ಬೆಳೆಸುವುದು ಸಂಘದ ಧ್ಯೇಯವಾಯಿತು. ಅದೇ ಜೂನ್ ತಿಂಗಳ ಚುನಾವಣೆಯಲ್ಲಿ ಸೆಮೆಟಿಕ್ ವಿರೋಧಿ ಪಕ್ಷಗಳು ರೈಖ್‌ಸ್ಟಾಗಿನಲ್ಲಿ ೧೬ ಸ್ಥಾನಗಳನ್ನು ಗಳಿಸಿದವೆಂಬುದನ್ನು ನೆನೆದರೆ ಸಂಘದ ಜನನವು ಎಷ್ಟು ಸಕಾಲಿಕವಾಗಿತ್ತೆಂಬುದು ತಿಳಿಯುತ್ತದೆ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಯೆಹೂದ್ಯದ್ವೇಷವನ್ನು ವಿರೋಧಿಸುವ ಸಂಘವೊಂದು ೧೮೯೧ರಲ್ಲಿಯೇ ಹುಟ್ಟಿತ್ತು. ಆದರೆ ಅದನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ಉದಾರಮನಸ್ಸಿನ ಕ್ರೈಸ್ತರು. ಯೆಹೂದ್ಯರ ಪರವಾಗಿ ಸಜ್ಜನರು ಮಾತನಾಡುವುದು ಒಂದು. ಯೆಹೂದ್ಯರೇ ತಮ್ಮ ಹೆಸರಿನಲ್ಲಿ, ಬಯಲಿನಲ್ಲಿ ನಿಂತು ಮಾತನಾಡುವುದು ಇನ್ನೊಂದು. ಕೇಂದ್ರ ಸಂಘದ ಮಹತ್ತ್ವವಿರುವುದು ಈ ಎರಡನೆಯದರಲ್ಲಿ.

೪

ಸಂಘದ ಮುಖ್ಯ ಆಯುಧ ನ್ಯಾಯಸ್ಥಾನ. ೧೮೯೧ರಲ್ಲಿ ಕ್ಸಾಂಟೆನ್ ಎಂಬ ಊರಿನಲ್ಲಿ ಬಾಲಕನೊಬ್ಬನ ಕೊಲೆಯಾದಾಗ, ಯೆಹೂದ್ಯರು ಮತಾಚರಣೆಗಾಗಿ ಕ್ರೈಸ್ತ ಮಕ್ಕಳ ರಕ್ತವನ್ನು ಬಳಸುತ್ತಾರೆಂಬ ಮಧ್ಯಯುಗದ ಮಿಥ್ಯಾಪವಾದವು ಮತ್ತೆ ತಲೆಯೆತ್ತಿತು. ಯೆಹೂದ್ಯ ಕಸಾಯಿಯವನೊಬ್ಬನ ಮೇಲೆ ಮೊಕದ್ದಮೆ ನಡೆದು ೧೮೯೨ರಲ್ಲಿ ಅವನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಆದರೂ ಊರಿನಲ್ಲಿ ಅವನು ಬಾಳುವಂತಿರಲಿಲ್ಲ. ೧೯೦೦ರಲ್ಲಿ ಕೊನಿಟ್ಸ್ ಎಂಬಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯಾದಾಗ ಅದೇ ಅಪವಾದದಿಂದ ಗಲಭೆಗಳಾಗಿ, ಅವುಗಳನ್ನಡಗಿಸಲು ಸೈನ್ಯವೇ ಬರಬೇಕಾಯಿತು. ಇಂತಹ ಸುಳ್ಳುಗಳನ್ನು ಅಚ್ಚುಮಾಡಿ ಹಂಚುವವರ ಮೇಲೆ ಸಂಘವು ಫಿರ್ಯಾದುಗಳನ್ನು ಹೂಡುತ್ತ ಬಂದಿತು. ದಂಡಸಂಹಿತೆಯ ೧೬೬ನೆಯ ವಿಧಿ ಮತನಿಂದೆಯನ್ನೂ, ೧೩೦ನೆಯ ವಿಧಿ ಒಂದು ವರ್ಗದ ಮೇಲೆ ಮತ್ತೊಂದನ್ನು ಹಿಂಸೆಗೆ ಪ್ರಚೋದಿಸುವುದನ್ನೂ, ೧೮೫ನೆಯದು ವ್ಯಕ್ತಿನಿಂದೆಯನ್ನೂ ಅಪರಾಧವೆಂದು ಗಣಿಸಿದ್ದವು.

ಈ ವಿಧಿಗಳ ನಡುವೆ ಒಂದು ಬಿರುಕಿತ್ತು. ತಾಲ್ಮೂದನ್ನು ನಿಂದಿಸಿದರೆ ೧೬೬ನೆಯ ವಿಧಿ ಅನ್ವಯಿಸಬಹುದು. ಒಬ್ಬ ಯೆಹೂದ್ಯನನ್ನು ಹೆಸರಿಸಿ ಬೈದರೆ ೧೮೫ನೆಯದು ಅನ್ವಯಿಸುತ್ತದೆ. ಆದರೆ ‘ಯೆಹೂದ್ಯರೆಲ್ಲರೂ ಮೋಸಗಾರರು’ ಎಂದರೆ? ಅಷ್ಟು ದೊಡ್ಡ ಸಮುದಾಯವನ್ನು ಒಟ್ಟಾಗಿ ನಿಂದಿಸಿದುದು ಯಾರೊಬ್ಬರನ್ನೂ ನಿಂದಿಸಿದಂತಾಗದು ಎಂಬ ನಿಲುವಿಗೆ ನ್ಯಾಯಸ್ಥಾನಗಳು ಸಾಮಾನ್ಯವಾಗಿ ಬರುತ್ತಿದ್ದವು. ‘ನಾವು ಜನಾಂಗವಲ್ಲ, ಮತವೊಂದರ ಅನುಯಾಯಿಗಳಷ್ಟೇ’ ಎಂಬ ಸಂಘದ ನಿಲುವಿಗೂ ದ್ವೇಷದ ವಾಸ್ತವ ಸ್ವರೂಪಕ್ಕೂ ಇದ್ದ ಅಂತರವು ಈ ಬಿರುಕಿನಲ್ಲಿ ಗೋಚರಿಸುತ್ತದೆ. ವೈರಿಯು ಹಳಿಯುತ್ತಿದ್ದುದು ಜನಾಂಗವನ್ನು; ಕಾನೂನು ಕಾಪಾಡುತ್ತಿದ್ದುದು ಮತವನ್ನು. ಆದರೂ ಫುಕ್ಸ್ ಮತ್ತು ಅವನ ಸಂಗಡಿಗರು ನಿರಾಶರಾಗಲಿಲ್ಲ. ಮೊಕದ್ದಮೆ ಸೋತರೂ ತೆರೆದ ನ್ಯಾಯಸ್ಥಾನದಲ್ಲಿ ಪುರಾವೆಗಳು ದಾಖಲಾಗುತ್ತವೆ, ಪತ್ರಿಕೆಗಳು ವರದಿಮಾಡುತ್ತವೆ, ಸುಳ್ಳು ಹೇಳುವವನು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವಮಾನವನ್ನು ನುಂಗಿ ಸುಮ್ಮನಿರುವ ಹಳೆಯ ರೂಢಿಯನ್ನು ಬಿಡಲು ಯೆಹೂದ್ಯರೇ ಕಲಿಯುತ್ತಾರೆ. ೧೮೯೫ರಿಂದ ಸಂಘದ ಮಾಸಪತ್ರಿಕೆಯು ಈ ಮೊಕದ್ದಮೆಗಳ ವೃತ್ತಾಂತವನ್ನು ಕ್ರಮವಾಗಿ ಪ್ರಕಟಿಸುತ್ತಿತ್ತು.

೫

ಸಂಘವು ಇತರರೊಡನೆ ವಾದಿಸಿದಂತೆ ತನ್ನವರೊಡನೆಯೂ ವಾದಿಸಬೇಕಾಯಿತು. ೧೮೯೭ರಲ್ಲಿ ಥಿಯೋಡೋರ್ ಹರ್ಟ್ಸಲ್ ಮೊದಲ ಜಿಯೋನಿಸ್ಟ್ ಸಮ್ಮೇಳನವನ್ನು ಮ್ಯೂನಿಕ್ಕಿನಲ್ಲಿ ಕೂಡಿಸಬೇಕೆಂದಿದ್ದಾಗ ಅಲ್ಲಿನ ಯೆಹೂದ್ಯ ಸಮಾಜವೇ ವಿರೋಧಿಸಿದ ಕಾರಣ ಅದು ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಹೋಯಿತು. ಯೆಹೂದ್ಯರದು ಪ್ರತ್ಯೇಕ ರಾಷ್ಟ್ರವೆಂಬ ಜಿಯೋನಿಸ್ಟರ ಮಾತು ದ್ವೇಷಿಗಳ ವಾದವನ್ನೇ ಒಪ್ಪಿಕೊಂಡಂತೆ ಎಂದು ಕೇಂದ್ರ ಸಂಘದವರಿಗೆ ತೋರಿತು. ಕೇಂದ್ರ ಸಂಘದವರು ಒಲ್ಲದವರ ಮನೆಯ ಬಾಗಿಲು ಬಡಿಯುತ್ತಿದ್ದಾರೆಂದು ಜಿಯೋನಿಸ್ಟರಿಗೆ ತೋರಿತು. ೧೯೧೨ರಲ್ಲಿ ಜರ್ಮನಿಯ ಜಿಯೋನಿಸ್ಟರು ಪ್ಯಾಲೆಸ್ಟೈನಿಗೆ ವಲಸೆ ಹೋಗುವುದನ್ನು ಪ್ರತಿಯೊಬ್ಬ ಸದಸ್ಯನ ಜೀವನಧ್ಯೇಯವನ್ನಾಗಿ ಸಾರಿದರು. ೧೯೧೩ರಲ್ಲಿ ಕೇಂದ್ರ ಸಂಘವು, ಜರ್ಮನ್ ರಾಷ್ಟ್ರಭಾವವನ್ನೇ ನಿರಾಕರಿಸಿ ತನ್ನನ್ನು ಇಲ್ಲಿನ ಅತಿಥಿಯೆಂದು ಬಗೆಯುವವನಿಗೆ ಸಂಘದಲ್ಲಿ ಸ್ಥಾನವಿಲ್ಲವೆಂದು ನಿರ್ಣಯಿಸಿತು.

ಇನ್ನೊಂದು ತೊಡಕು ಪೂರ್ವದಿಂದ ಬಂದ ಯೆಹೂದ್ಯರದು. ರಷ್ಯ, ಪೋಲೆಂಡುಗಳಿಂದ ಬಡತನಕ್ಕೂ ಹಿಂಸೆಗೂ ಅಂಜಿ ಬಂದವರು ಯಿಡ್ಡಿಷ್ ಮಾತನಾಡುತ್ತಿದ್ದರು, ತಮ್ಮ ವೇಷಭೂಷಣಗಳನ್ನು ಬಿಟ್ಟಿರಲಿಲ್ಲ, ಜರ್ಮನ್ ಪ್ರಜೆಗಳೂ ಆಗಿರಲಿಲ್ಲ. ‘ಜರ್ಮನ್ ಪ್ರಜೆಗಳ’ ಸಂಘಕ್ಕೆ ಇವರು ತನ್ನವರೋ ಹೊರಗಿನವರೋ? ಅವರ ಮೇಲೆ ಹಲ್ಲೆಯಾದಾಗ ಸಂಘವು ಪ್ರತಿಭಟಿಸಿತು. ಆದರೆ ಅವರಿಗಿಂತ ತಾವು ಬೇರೆ ಎಂದು ತೋರಿಸಿಕೊಳ್ಳುವ ಹವಣಿಕೆಯೂ ಸದಸ್ಯರಲ್ಲಿ ಇಲ್ಲದಿರಲಿಲ್ಲ. ಪೌರತ್ವದ ಮೇಲೆ ಕಟ್ಟಿದ ವಾದವು ಪೌರತ್ವವಿಲ್ಲದವನನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತದೆ. ಈ ದೌರ್ಬಲ್ಯವನ್ನು ಇತಿಹಾಸಕಾರನು ಮರೆಮಾಚಲಾಗದು.

೬

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾದೊಡನೆ ಸಂಘವು, ಕರ್ತವ್ಯಕ್ಕಿಂತ ಮಿಗಿಲಾಗಿ ದೇಶಕ್ಕೆ ತಮ್ಮ ಶಕ್ತಿಯನ್ನು ಅರ್ಪಿಸಬೇಕೆಂದು ಯೆಹೂದ್ಯರಿಗೆ ಕರೆಯಿತ್ತಿತು. ೧೮೮೫ರಿಂದಾಚೆಗೆ ಪ್ರಷ್ಯದ ಸೈನ್ಯದಲ್ಲಿ ಮತ ಬಿಡದ ಯೆಹೂದ್ಯನೊಬ್ಬನೂ ಮೀಸಲು ಪಡೆಯ ಅಧಿಕಾರಿಯಾಗಿರಲಿಲ್ಲ. ಯುದ್ಧವು ಆ ಗೋಡೆಯನ್ನೂ ಕೆಡವೀತೆಂದು ಅನೇಕರು ನಂಬಿದರು. ರೈಖ್‌ಸ್ಟಾಗಿನ ಸದಸ್ಯ ಲುಡ್ವಿಗ್ ಫ್ರಾಂಕ್ ಸ್ವಯಂಸೇವಕನಾಗಿ ಹೋಗಿ ಸೆಪ್ಟೆಂಬರಿನಲ್ಲಿಯೇ ಮಡಿದನು. ಒಟ್ಟು ಸುಮಾರು ಒಂದು ಲಕ್ಷ ಯೆಹೂದ್ಯರು ಸೇವೆ ಸಲ್ಲಿಸಿದರು. ಸುಮಾರು ೧೨,೦೦೦ ಜನ ಪ್ರಾಣ ತೆತ್ತರು.

ಇಂತಿರಲು, ೧೯೧೬ರ ಅಕ್ಟೋಬರ್ ೧೧ರಂದು ಪ್ರಷ್ಯದ ಯುದ್ಧಮಂತ್ರಿಯು ಸೈನ್ಯದಲ್ಲಿರುವ ಯೆಹೂದ್ಯರನ್ನು ಎಣಿಸಬೇಕೆಂದು ಆಜ್ಞೆ ಹೊರಡಿಸಿದನು. ಯೆಹೂದ್ಯರು ರಣರಂಗದಿಂದ ನುಣುಚಿಕೊಳ್ಳುತ್ತಿದ್ದಾರೆಂಬ ದೂರುಗಳನ್ನು ಪರೀಕ್ಷಿಸುವುದು ಇದರ ನೆಪ. ಕಂದಕಗಳಲ್ಲಿ ಜರ್ಮನ್ ಸೈನಿಕನಾಗಿ ನಿಂತಿದ್ದವನನ್ನು ಪಂಕ್ತಿಯಿಂದ ಹೊರಗೆ ಕರೆದು ಯೆಹೂದ್ಯನೆಂದು ಲೆಕ್ಕಹಾಕಿದರು. ಫಲಿತಾಂಶವನ್ನು ಯುದ್ಧಕಾಲದಲ್ಲಿ ಪ್ರಕಟಿಸಲೇ ಇಲ್ಲ; ಪ್ರಕಟಿಸದ ಲೆಕ್ಕವು ಪ್ರಕಟಿಸಿದ ಸುಳ್ಳಿಗಿಂತ ಹೆಚ್ಚು ಕೆಲಸ ಮಾಡಿತು.

ಯುದ್ಧಾನಂತರ ಯೆಹೂದ್ಯರು ತಾವೇ ಲೆಕ್ಕಹಾಕಿದರು. ಯಾಕೋಬ್ ಸೆಗಾಲನ ಅಂಕಿ-ಅಂಶಗಳ ಗ್ರಂಥವು ೧೯೨೧ರಲ್ಲಿ ಹೊರಬಂದಿತು. ೧೯೧೯ರಲ್ಲಿ ಸ್ಥಾಪಿತವಾದ ಯೆಹೂದ್ಯ ಯೋಧರ ಸಂಘವು ಮಡಿದವರ ಹೆಸರುಗಳನ್ನು ಒಂದೊಂದಾಗಿ ಕಲೆಹಾಕಿ ೧೯೩೨ರಲ್ಲಿ ಸ್ಮಾರಕಗ್ರಂಥವಾಗಿ ಪ್ರಕಟಿಸಿತು. ಈ ಪಟ್ಟಿಗಳನ್ನು ಓದುವಾಗ ಗೌರವದೊಡನೆ ಒಂದು ಬಗೆಯ ಸಂಕಟವೂ ಉಂಟಾಗುತ್ತದೆ. ಉಳಿದ ಪ್ರಜೆಗಳಾರೂ ತಮ್ಮ ಮೃತರನ್ನು ಎಣಿಸಿ ತೋರಿಸಿ ತಮ್ಮ ನಾಡನ್ನು ತಮ್ಮದೆನ್ನಬೇಕಾಗಿರಲಿಲ್ಲ. ಪ್ರಮಾಣವನ್ನು ಒದಗಿಸಲು ಹೊರಟವನು, ಪ್ರಮಾಣವನ್ನು ಕೇಳುವ ಅಧಿಕಾರವು ಎದುರಾಳಿಗೆ ಉಂಟೆಂದು ಒಪ್ಪಿದಂತಾಗುವ ಅಪಾಯವಿದೆ. ಒದಗಿಸದೆ ಮೌನವಾಗಿದ್ದರೆ ಸುಳ್ಳೇ ನಿಲ್ಲುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಸಂಘಕ್ಕೆ ಕೊನೆಯವರೆಗೂ ಸಿಗಲಿಲ್ಲ.

೭

೧೯೧೯ರ ವೈಮಾರ್ ಸಂವಿಧಾನದ ಕರಡನ್ನು ರಚಿಸಿದವನು ಹ್ಯೂಗೊ ಪ್ರಾಯ್ಸ್ ಎಂಬ ಯೆಹೂದ್ಯ ನ್ಯಾಯಶಾಸ್ತ್ರಜ್ಞ. ೧೯೨೨ರಲ್ಲಿ ವಾಲ್ಟರ್ ರಾಥೆನೌ ವಿದೇಶಾಂಗ ಮಂತ್ರಿಯಾದನು. ಜೂನ್ ೨೪ರಂದು ಬರ್ಲಿನ್ನಿನ ಬೀದಿಯಲ್ಲಿ ಹಂತಕರ ಗುಂಡಿಗೆ ಬಲಿಯಾದನು. ಹಕ್ಕುಗಳು ಪೂರ್ಣವಾದ ಕಾಲವೇ ದ್ವೇಷವು ಹಿಂಸೆಗೆ ತಿರುಗಿದ ಕಾಲವೂ ಆಯಿತು.

ಈ ದಶಕದಲ್ಲಿ ಸಂಘದ ಕಾರ್ಯವು ಅಪಾರವಾಗಿ ಬೆಳೆಯಿತು. ಯೂಲಿಯಸ್ ಬ್ರಾಡ್ನಿಟ್ಸ್ ಅಧ್ಯಕ್ಷನಾಗಿಯೂ ಲುಡ್ವಿಗ್ ಹೊಲೆಂಡರ್ ನಿರ್ದೇಶಕನಾಗಿಯೂ ಇದ್ದರು. ಸದಸ್ಯರ ಸಂಖ್ಯೆ ೬೦,೦೦೦ವನ್ನು ದಾಟಿತು. ದೇಶದ ಒಟ್ಟು ಯೆಹೂದ್ಯರು ಐದೂವರೆ ಲಕ್ಷದಷ್ಟಿದ್ದರೆಂಬುದನ್ನೂ, ಅದು ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆಯೆಂಬುದನ್ನೂ ಇಲ್ಲಿ ನೆನೆಯಬೇಕು. ೧೯೧೯ರಲ್ಲಿ ಫೀಲೋ ಎಂಬ ಪ್ರಕಾಶನಸಂಸ್ಥೆಯೂ ೧೯೨೨ರಲ್ಲಿ ವಾರಪತ್ರಿಕೆಯೂ ಆರಂಭವಾದವು. ‘ಜಿಯಾನಿನ ಹಿರಿಯರ ನಡವಳಿಗಳು’ ಎಂಬ ಕೃತ್ರಿಮ ದಾಖಲೆಯ ಸುಳ್ಳನ್ನು ಬಯಲಿಗೆಳೆದ ಬಿನ್ಯಾಮಿನ್ ಸೆಗೆಲನ ಗ್ರಂಥವು ೧೯೨೪ರಲ್ಲಿ ಈ ಪ್ರಕಾಶನದಿಂದಲೇ ಹೊರಬಂದಿತು. ಸಭೆಗಳಲ್ಲಿ ಕೇಳಿಬರುವ ಆಪಾದನೆಗಳಿಗೆ ತಕ್ಷಣ ಉತ್ತರ ಕೊಡಲು ಅನುಕೂಲವಾಗುವಂತೆ, ಬಿಡಿ ಹಾಳೆಗಳಲ್ಲಿ ವಿಷಯಾನುಕ್ರಮವಾಗಿ ಜೋಡಿಸಿದ ‘ಆಂಟಿ-ಆಂಟಿ’ ಎಂಬ ಕೈಪಿಡಿಯನ್ನು ಸಂಘವು ಹಂಚಿತು. ಟ್ರೈಟ್ಷ್ಕೆಯ ಆ ಹಳೆಯ ಮಾತನ್ನೇ ಮುಖಪುಟದ ಅಡಿಯಲ್ಲಿ ಅಚ್ಚುಹಾಕುತ್ತಿದ್ದ ನ್ಯೂರೆಂಬರ್ಗಿನ ‘ಷ್ಟ್ಯೂರ್ಮರ್’ ಪತ್ರಿಕೆಯ ಯೂಲಿಯಸ್ ಷ್ಟ್ರೈಖರನಿಗೆ ೧೯೨೯ರಲ್ಲಿ ನ್ಯಾಯಸ್ಥಾನವು ಮತನಿಂದೆಗಾಗಿ ಸೆರೆವಾಸವನ್ನು ವಿಧಿಸಿತು. ಆದರೆ ಸೆರೆಯಿಂದ ಹೊರಬಂದವನನ್ನು ಅವನ ಅನುಯಾಯಿಗಳು ಹುತಾತ್ಮನಂತೆ ಕಂಡರು.

೧೯೩೦ರ ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳ ಸ್ಥಾನಗಳು ೧೨ರಿಂದ ೧೦೭ಕ್ಕೇರಿದವು. ಅದಕ್ಕೂ ಮುಂಚೆಯೇ, ೧೯೨೯ರಲ್ಲಿ, ಸಂಘದ ಹಾನ್ಸ್ ರೈಖ್‌ಮನ್ ಮೊದಲಾದವರು ಬರ್ಲಿನ್ನಿನ ವಿಲ್ಹೆಲ್ಮ್ ಬೀದಿಯಲ್ಲಿ ಸಂಘದ ಹೆಸರಿಲ್ಲದ ಕಚೇರಿಯೊಂದನ್ನು ತೆರೆದಿದ್ದರು. ನಾಜಿ ನಾಯಕರ ಭಾಷಣಗಳನ್ನೂ ಬರಹಗಳನ್ನೂ ಸಂಗ್ರಹಿಸಿ, ಅವುಗಳ ಆಧಾರದಿಂದ ಕರಪತ್ರಗಳನ್ನು ಸಿದ್ಧಪಡಿಸಿ, ಗಣರಾಜ್ಯವನ್ನು ಬೆಂಬಲಿಸುವ ಪಕ್ಷಗಳಿಗೆ ಒದಗಿಸುವುದು ಅದರ ಕೆಲಸ. ಯಾವ ಪಕ್ಷಕ್ಕೂ ಸೇರದೆ ಕಾನೂನನ್ನು ನಂಬಿದ್ದ ಸಂಘವು ಇಲ್ಲಿ ಮರೆಯಲ್ಲಿ ನಿಂತು ರಾಜಕೀಯ ಸಮರಕ್ಕಿಳಿಯಿತು. ಯೆಹೂದ್ಯರ ಹೆಸರಿನಲ್ಲಿ ಬಂದ ಸತ್ಯವನ್ನು ಜನ ನಂಬರೆಂದು ಅರಿತೇ ಹೆಸರನ್ನು ಮರೆಸಬೇಕಾಯಿತು. ಬಯಲಿನಲ್ಲಿ ನಿಂತು ಮಾತನಾಡಬೇಕೆಂದು ಹುಟ್ಟಿದ ಸಂಸ್ಥೆಗೆ ಇದು ಬಂದ ಗತಿ.

೮

೧೯೩೩ರ ಜನವರಿ ೩೦ರ ತರುವಾಯದ ಕಥೆ ಚಿಕ್ಕದು. ಮಾರ್ಚ್ ೨೫ರಂದು ಗೋರಿಂಗ್ ಯೆಹೂದ್ಯ ಮುಖಂಡರನ್ನು ಕರೆಸಿ, ವಿದೇಶಗಳಲ್ಲಿ ಬರುತ್ತಿದ್ದ ದೌರ್ಜನ್ಯದ ವರದಿಗಳನ್ನು ಅವರೇ ನಿಲ್ಲಿಸಬೇಕೆಂದು ಗದರಿಸಿದನು. ಏಪ್ರಿಲ್ ೧ರಂದು ಯೆಹೂದ್ಯರ ಅಂಗಡಿಗಳಿಗೆ ಬಹಿಷ್ಕಾರ. ೭ರಂದು ಸರ್ಕಾರಿ ಸೇವೆಯಿಂದ ಅವರನ್ನು ಹೊರಹಾಕುವ ಕಾನೂನು. ಹಿಂಡೆನ್‌ಬರ್ಗನ ಒತ್ತಾಯದಿಂದ ರಣರಂಗದಲ್ಲಿ ಹೋರಾಡಿದವರಿಗೆ ಅದರಲ್ಲಿ ವಿನಾಯಿತಿ ದೊರೆಯಿತು. ಮೃತರ ಲೆಕ್ಕಕ್ಕೆ ಸಿಕ್ಕ ಬೆಲೆ ಇಷ್ಟೇ. ೧೯೩೫ರ ಹೊತ್ತಿಗೆ ಅದೂ ರದ್ದಾಯಿತು.

ಆ ವರ್ಷದ ಸೆಪ್ಟೆಂಬರ್ ೧೫ರ ನ್ಯೂರೆಂಬರ್ಗ್ ಶಾಸನಗಳು ಯೆಹೂದ್ಯರಿಂದ ಪೂರ್ಣ ಪೌರತ್ವವನ್ನು ಕಿತ್ತುಕೊಂಡವು. ‘ಯೆಹೂದ್ಯಮತದ ಜರ್ಮನ್ ಪ್ರಜೆಗಳು’ ಎಂಬ ಹೆಸರು ನಿಷಿದ್ಧವಾಯಿತು. ಸಂಘವು ‘ಜರ್ಮನಿಯಲ್ಲಿರುವ ಯೆಹೂದ್ಯರ ಕೇಂದ್ರ ಸಂಘ’ವಾಯಿತು, ೧೯೩೬ರಲ್ಲಿ ‘ಜರ್ಮನಿ’ ಎಂಬ ಪದವೂ ಹೋಗಿ ಬರಿಯ ‘ಯೆಹೂದ್ಯ ಕೇಂದ್ರ ಸಂಘ’ ಉಳಿಯಿತು. ಆ ವೇಳೆಗೆ ಸಂಘವೂ ವಲಸೆಯ ಸಿದ್ಧತೆಗೆ, ಕಾನೂನಿನ ಸಲಹೆಗೆ, ಜೀವನೋಪಾಯ ಕಳೆದುಕೊಂಡವರ ನೆರವಿಗೆ ತನ್ನ ಶಕ್ತಿಯನ್ನು ತಿರುಗಿಸಿತ್ತು. ೧೯೩೮ರ ನವೆಂಬರಿನಲ್ಲಿ ದೇಶದಾದ್ಯಂತ ಪ್ರಾರ್ಥನಾಮಂದಿರಗಳು ಹೊತ್ತಿ ಉರಿದಾಗ ಅದನ್ನು ಮುಚ್ಚಿಸಲಾಯಿತು. ರೈಖ್‌ಮನ್ ಝಾಕ್ಸನ್‌ಹೌಸೆನ್ ಶಿಬಿರದ ಸೆರೆಯನ್ನು ಕಂಡು ೧೯೩೯ರಲ್ಲಿ ಲಂಡನ್ ಸೇರಿದನು. ವ್ಯೂರ್ಟೆಂಬರ್ಗಿನ ಧುರೀಣ ಆಟೋ ಹಿರ್ಷ್, ಲಿಯೋ ಬೆಕ್‌ನೊಡನೆ ಜರ್ಮನ್ ಯೆಹೂದ್ಯರ ಪ್ರತಿನಿಧಿ ಸಂಸ್ಥೆಯನ್ನು ನಡೆಸಿ, ೧೯೪೧ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಕೊನೆಯುಸಿರೆಳೆದನು. ನಾಡು ತೊರೆಯಲಾಗದೆ ಉಳಿದವರು ಮತ್ತು ನೆರೆದೇಶಗಳಲ್ಲಿ ಸಿಕ್ಕಿಬಿದ್ದವರು ಸೇರಿ ಜರ್ಮನಿಯ ಒಂದೂವರೆ ಲಕ್ಷಕ್ಕೂ ಹೆಚ್ಚು ಯೆಹೂದ್ಯರು ಹತರಾದರು.

೯

ಈ ಅಂತ್ಯವನ್ನು ಬಲ್ಲ ನಾವು ಸಂಘವನ್ನು ಹೇಗೆ ಅಳೆಯಬೇಕು? ಯುದ್ಧಾನಂತರದ ವಿಮರ್ಶಕರಲ್ಲಿ ಹಲವರು ಕಠಿಣವಾದರು. ಜರ್ಮನರಿಗೂ ಯೆಹೂದ್ಯರಿಗೂ ಸಂವಾದವೆಂಬುದು ನಡೆದೇ ಇರಲಿಲ್ಲ, ಒಂದು ಕಡೆಯವರು ಮಾತ್ರ ಮಾತನಾಡುತ್ತಿದ್ದರು ಎಂಬುದು ಬರ್ಲಿನ್ನಿನಲ್ಲಿ ಹುಟ್ಟಿ ಜೆರೂಸಲೆಮ್ಮಿನಲ್ಲಿ ನೆಲಸಿದ ಗೆರ್ಷೋಮ್ ಷೋಲೆಮ್‌ನ ಅಭಿಪ್ರಾಯ. ಪ್ರತಿಯಾಗಿ, ಅರ್ನಾಲ್ಡ್ ಪೌಕರನ ೧೯೬೮ರ ಗ್ರಂಥವು, ವೈಮಾರ್ ಕಾಲದ ಯೆಹೂದ್ಯರು ಕುರುಡರಾಗಿ ಕುಳಿತಿರಲಿಲ್ಲ, ಕೈಲಾದಷ್ಟು ಹೋರಾಡಿದರು ಎಂಬುದನ್ನು ದಾಖಲೆಗಳಿಂದ ತೋರಿಸಿತು. ಸ್ವತಃ ಸಂಘದ ಧುರೀಣೆಯಾಗಿದ್ದ ಏವಾ ರೈಖ್‌ಮನ್ ೧೯೫೦ರ ತನ್ನ ಗ್ರಂಥದಲ್ಲಿ, ನಾಜಿಗಳ ಗೆಲುವಿನ ಮೂಲವನ್ನು ಯೆಹೂದ್ಯರ ನಡತೆಯಲ್ಲಿ ಹುಡುಕದೆ ಜರ್ಮನ್ ಸಮಾಜದ ಬೇಗುದಿಯಲ್ಲಿ ಹುಡುಕಿದಳು.

ಸಂಘದ ಸೋಲನ್ನು ಅದರ ತತ್ತ್ವದ ಸೋಲೆಂದು ಬಗೆಯುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಪ್ರಜೆಯ ಹಕ್ಕು ಕೃಪೆಯಲ್ಲ ಎಂದು ಲೋವೆನ್‌ಫೆಲ್ಡ್ ಬರೆದ ಮಾತು ೧೮೯೩ರಲ್ಲಿ ಎಷ್ಟು ಸತ್ಯವಾಗಿತ್ತೋ ೧೯೩೫ರಲ್ಲಿಯೂ ಅಷ್ಟೇ ಸತ್ಯವಾಗಿತ್ತು. ಸುಳ್ಳಾದದ್ದು, ಆ ಹಕ್ಕನ್ನು ಎತ್ತಿಹಿಡಿಯಬೇಕಾದ ರಾಜ್ಯ. ಕಾನೂನಿನ ಮೊರೆಹೊಕ್ಕವರಿಗೆ ಕಾನೂನೇ ವೈರಿಯ ಕೈಗೆ ಹೋದ ದಿನ ಬೇರೆ ಆಯುಧವಿರಲಿಲ್ಲ. ಶೇಕಡಾ ಒಂದಕ್ಕಿಂತ ಕಡಿಮೆಯಿದ್ದ ಜನ ಗಣರಾಜ್ಯವನ್ನು ತಾವೊಬ್ಬರೇ ಉಳಿಸಿಕೊಳ್ಳಲು ಸಾಧ್ಯವಿರಲಿಲ್ಲ. ಅದು ಉಳಿದ ತೊಂಬತ್ತೊಂಬತ್ತು ಪಾಲಿನವರ ಹೊಣೆಯಾಗಿತ್ತು. ಒಂದು ನಾಡಿಗೆ ಸೇರಿದವರಾಗುವುದು ಸೇರಬಯಸುವವರ ಪ್ರಯತ್ನ ಮಾತ್ರದಿಂದ ಸಿದ್ಧಿಸುವಂತಹುದಲ್ಲ ಎಂಬುದು ಈ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ಸಂಘದ ಶ್ರಮದಲ್ಲಿ ಒಂದಂಶ ಅಳಿಯದೆ ಉಳಿದಿದೆ. ಅದರ ಕಾರ್ಯದರ್ಶಿಗಳಲ್ಲೊಬ್ಬನಾದ ಆಲ್ಫ್ರೆಡ್ ವೀನರ್ ೧೯೩೩ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ತೆರಳಿ, ನಾಜಿಗಳ ಕೃತ್ಯಗಳ ಕುರಿತ ಸಾಕ್ಷ್ಯವನ್ನು ಹೊಸದಾಗಿ ಸಂಗ್ರಹಿಸತೊಡಗಿದನು. ೧೯೩೯ರಲ್ಲಿ ಲಂಡನ್ನಿಗೆ ಸಾಗಿಸಿದ ಆ ಸಂಗ್ರಹವು ವೀನರ್ ಗ್ರಂಥಭಂಡಾರವೆಂದು ಪ್ರಸಿದ್ಧವಾಗಿ, ಯುದ್ಧಾಪರಾಧಗಳ ವಿಚಾರಣೆಗೂ ಸಾಮಗ್ರಿಯನ್ನು ಒದಗಿಸಿತು. ನಾಜಿಗಳು ವಶಪಡಿಸಿಕೊಂಡ ಸಂಘದ ಕಾಗದಪತ್ರಗಳು ಯುದ್ಧದ ಕೊನೆಯಲ್ಲಿ ಸೋವಿಯೆತ್ ಸೈನ್ಯದ ಕೈಸೇರಿ ಮಾಸ್ಕೋವಿನಲ್ಲಿ ದಶಕಗಳ ಕಾಲ ಅಜ್ಞಾತವಾಗಿದ್ದು, ೧೯೯೦ರ ದಶಕದಲ್ಲಿ ಸಂಶೋಧಕರಿಗೆ ದೊರೆತವು. ಸಣ್ಣ ಸಣ್ಣ ಊರುಗಳಿಂದ ಬಂದ ದೂರುಗಳು, ಫಿರ್ಯಾದುಗಳ ಪ್ರತಿಗಳು, ಶಾಖೆಗಳ ಪತ್ರವ್ಯವಹಾರ ಎಲ್ಲವೂ ಅವುಗಳಲ್ಲಿವೆ. ಪ್ರಜೆಗಳೆಂದು ನಂಬಿ ಬಾಳಿದವರು ಆ ನಂಬಿಕೆಯ ಪರವಾಗಿ ಏನೇನು ಮಾಡಿದರೆಂಬುದನ್ನು ಅವರ ಮಾತುಗಳಲ್ಲಿಯೇ ತಿಳಿಯುವ ಕೆಲಸ ಇನ್ನೂ ಸಾಕಷ್ಟು ಉಳಿದಿದೆ.